ನಡುವೆ ಒಂದು ತುಂಡು ಆ್ಯಂಗಲ್

ಮಂಡ್ಯದ ಹತ್ತಿರ ಅಕ್ಕಿ ಗಿರಣಿಯೊಂದಕ್ಕೆ ಭತ್ತದ ಗೋಡೌನ್ ಕಟ್ಟುತ್ತಿದ್ದರು. ಚಾವಣಿ ಹೊರುವ ತ್ರಿಕೋನ ಜಾಲದ ಚೌಕಟ್ಟು, ಅಂದರೆ ಟ್ರಸ್, ನೋಡಿಕೊಡಿ ಎಂದು ಮಾಲೀಕರು ಕರೆದಿದ್ದರು. ಪುಣ್ಯಕ್ಕೆ ಟ್ರಸ್‌ಗಳಿನ್ನೂ ನೆಲದ ಮೇಲಿದ್ದವು. ಒಳಗಿನ ಓರೆ ತುಂಡುಗಳಿಗೆಲ್ಲ 50-50-6ರ (ಎರಡೂ ಕಾಲು 50 ಮಿ.ಮೀ., ದಪ್ಪ 6) ಒಂಟಿ ಆ್ಯಂಗಲ್, ಅಂದರೆ L ಆಕಾರದ ಸ್ಟೀಲ್ ಪಟ್ಟಿ. ಎಳೆತಕ್ಕೆ ಸಿಗುವ ಕಡೆ ಅದು ಧಾರಾಳ. ಕಂಪ್ರೆಶನ್‌ಗೆ (ಒತ್ತಡಕ್ಕೆ) ಸಿಗುವ ಎರಡು ಮೀಟರಿನವು ಮಾತ್ರ ಆಗುವುದಿಲ್ಲ ಎಂದೆ.

ಮೇಸ್ತ್ರಿಗೆ ರೇಗಿತು. “ಅದೂ ಇದೇ ಆ್ಯಂಗಲ್ಲು, ಇದೂ ಅದೇ ಆ್ಯಂಗಲ್ಲು. ಅಲ್ಗಾದ್ರೆ ಆಯ್ತದೆ, ಇಲ್ಗ್ಯಾಕ್ ಸಾ ಆಗಕಿಲ್ಲ?”

ಒಂದು ವೆಲ್ಡಿಂಗ್ ರಾಡ್ ಕೈಗೆ ಕೊಟ್ಟು ಎಳೀರಿ ಎಂದೆ. ಏನೂ ಆಗಲಿಲ್ಲ. ಎರಡು ಅಂಗೈ ನಡುವೆ ಇಟ್ಟು ಒತ್ತಿದರು. ಸಲೀಸಾಗಿ ಬಾಗಿ, ನಡುವಿನ ಲೇಪ ಸಿಡಿದು ಉದುರಿತು. ಇನ್ನೊಂದನ್ನು ಅರ್ಧಕ್ಕೆ ಕತ್ತರಿಸಿ ಒತ್ತಿದಾಗ ನೊಂದದ್ದು ಅಂಗೈ. ಉದ್ದ ಅರ್ಧವಾದರೆ ಬಾಗಿಸಲು ನಾಲ್ಕು ಪಟ್ಟು ಬಲ ಬೇಕು. ಗಣಿತಜ್ಞ ಆಯ್ಲರ್ 1744ರಲ್ಲೇ ಲೆಕ್ಕ ಹಾಕಿಟ್ಟ ವಿಷಯ.

“ಇನ್ನೂ ಗಟ್ಟಿ ಗ್ರೇಡಿನ ಸ್ಟೀಲ್ ತರಿಸಲಾ?” ಎಂದರು ಮಾಲೀಕರು. ದುಡ್ಡು ದಂಡ. ಇಷ್ಟು ಸಪೂರದ ತುಂಡು ಬಕಲ್ ಆಗುವುದು, ಅಂದರೆ ಒತ್ತಿದಾಗ ಪಕ್ಕಕ್ಕೆ ಬಾಗುವುದು, ಉದ್ದ, ಆಕಾರ ಮತ್ತು ಸ್ಟೀಲಿನ ಬಿಗುವಿನ (ಬಾಗದೆ ತಡೆಯುವ ಗುಣದ) ಮೇಲೆ. ಆ ಬಿಗುವು ಯಾವ ಗ್ರೇಡಿಗೂ ಹೆಚ್ಚುಕಡಿಮೆ ಒಂದೇ.

ಎಡವಟ್ಟು ಡ್ರಾಯಿಂಗ್‌ನಲ್ಲಿತ್ತು. ಆಕಾರ ಬಾಗುವಿಕೆಯನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆಗೆ ಗೈರೇಶನ್ ತ್ರಿಜ್ಯ ಎನ್ನುತ್ತಾರೆ. ಈ ಆ್ಯಂಗಲ್ಲಿನದು ಕಾಲಿಗೆ ಸಮಾನಾಂತರವಾದ ಅಕ್ಷಕ್ಕೆ 15.1 ಮಿ.ಮೀ. ಅದನ್ನೇ ಹಿಡಿದು ಸ್ಲೆಂಡರ್‌ನೆಸ್ (ಉದ್ದವನ್ನು ಆ ತ್ರಿಜ್ಯದಿಂದ ಭಾಗಿಸಿದ್ದು) 132 ಎಂದು ಬರೆದಿದ್ದರು. ಆದರೆ ಒಂಟಿ ಆ್ಯಂಗಲ್ ಅದು ಹೇಳಿದ ಕಡೆಗೆ ಬಾಗುತ್ತದೆಯೇ? ಓರೆಯಾಗಿ, ತನ್ನ ಅತಿ ದುರ್ಬಲ ದಿಕ್ಕಿಗೆ ಬಾಗುತ್ತದೆ. ಅಲ್ಲಿ ತ್ರಿಜ್ಯ 9.6 ಅಷ್ಟೇ. ಭಾಗಿಸಿದರೆ 208. ಸ್ಟೀಲ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 800ರ ಮಿತಿ 180.

ಎಲ್ಲ ಬದಲಿಸುವ ಬದಲು ನಡುವಿಗೆ ಒಂದು ತುಂಡು ಆ್ಯಂಗಲ್ ಹಾಕಿಸಿದೆ. ಟ್ರಸ್ಸಿನ ಪಾತಳಿಯಲ್ಲಿ ನಡು ಕಟ್ಟಿದರೆ ಓರೆ ದಿಕ್ಕಿಗೆ ಒಂದು ಮೀಟರ್, ಅಂದರೆ 104. ಹೊರಪಕ್ಕಕ್ಕೆ ಉದ್ದ ಎರಡೇ ಮೀಟರ್, ಅಲ್ಲಿ 132. ಡ್ರಾಯಿಂಗ್‌ನ ಸಂಖ್ಯೆ ಈಗ ನಿಜವಾಯಿತು!

ಮೇಸ್ತ್ರಿ ಆಮೇಲೆ ಕೆಳಗಿನ ಉದ್ದ ಪಟ್ಟಿ ತೋರಿಸಿ, “ಇದ್ಕೇನೂ ಬ್ಯಾಡ್ವಲ್ಲ ಸಾ, ಎಳೆತ ತಾನೆ?” ಎಂದರು. ಒಳ್ಳೆಯ ಪ್ರಶ್ನೆ. ಮೇಲಿನದನ್ನು ಶೀಟು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್‌ಗಳು ಹಿಡಿದಿರುತ್ತವೆ, ಕೆಳಗಿನದಕ್ಕೆ ಯಾರೂ ದಿಕ್ಕಿಲ್ಲ. ಏಪ್ರಿಲ್-ಮೇ ಗಾಳಿಮಳೆಯಲ್ಲಿ ತೆರೆದ ಬಾಗಿಲಿಂದ ಗಾಳಿ ನುಗ್ಗಿ ಶೀಟನ್ನು ಮೇಲಕ್ಕೆತ್ತಿದರೆ ಇದೂ ಒತ್ತಡಕ್ಕೆ ಸಿಗುತ್ತದೆ. ಟ್ರಸ್ಸಿನಿಂದ ಟ್ರಸ್ಸಿಗೆ ಉದ್ದಕ್ಕೂ ಟೈ ಹಾಕಿ, ಕೊನೆಯ ಅಂಕಣಗಳಲ್ಲಿ (ಎರಡು ಟ್ರಸ್ಸಿನ ನಡುವಿನ ಜಾಗಗಳಲ್ಲಿ) X ಆಕಾರದ ಕ್ರಾಸ್ ಬ್ರೇಸಿಂಗ್‌ಗೆ ಸೇರಿಸಿ ಎಂದು ಬರೆದುಕೊಟ್ಟೆ. ಅದರ ರೇಟು ಕೇಳಿ ಮಾಲೀಕರ ಮುಖ ಸಣ್ಣದಾಯಿತು, ಹಾಕಿಸಿದರು.