ಕೊಡಗಿನ ಬಿಸಿಲು, ಕೊಡಗಿನ ಚಳಿ, ಕೋಳಿಯ ಕರುಳು

ಕೊಡಗು ಅಂದ್ರೆ ತಂಪು, ಇಲ್ಲಿ ಕೋಳಿಗೆ ಸೆಖೆಯ ಕಾಟ ಇಲ್ಲ ಅಂತ ತುಂಬಾ ಜನ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಅಂದ್ರೆ ಹೂಮಳೆ, ತಡವಾದ ವರ್ಷ, ಏಪ್ರಿಲ್ ಮಧ್ಯಾಹ್ನ, ಕುಶಾಲನಗರದ ಕಡೆಯ ಯಾವುದಾದರೂ ಶೀಟ್ ಶೆಡ್ ಒಳಗೆ ಸ್ವಲ್ಪ ಹೊತ್ತು ನಿಂತು ನೋಡಿ. ನಮ್ಮ ಅಂಗಿ ಒದ್ದೆಯಾಗುತ್ತದೆ. ಕೋಳಿಗೆ ಬೆವರುವುದಕ್ಕೂ ಆಗುವುದಿಲ್ಲ, ಬೆವರಿನ ಗ್ರಂಥಿಯೇ ಇಲ್ಲ ಅದಕ್ಕೆ. ಅದೇ ಶೆಡ್‌ನಲ್ಲಿ ಬೆಳಗಿನ ಜಾವ ತಣ್ಣಗಿರುತ್ತದೆ. ಈ ಏರಿಳಿತದ ಪೆಟ್ಟು ಮೊದಲು ಬೀಳುವುದು ಕರುಳಿಗೆ, ನಾವು ನೋಡುವುದು ಮಾತ್ರ ರೆಕ್ಕೆ ಮತ್ತು ಕೊಕ್ಕು.

ಒಳಗೆ ಏನಾಗುತ್ತದೆ ಅಂದ್ರೆ, ಕೋಳಿಯ ಮೈ ಬಿಸಿ ಸಾಮಾನ್ಯವಾಗಿಯೇ 41 ಡಿಗ್ರಿ ಹತ್ತಿರ ಇರುತ್ತದೆ. ಬೆಳೆದ ಕೋಳಿಗೆ ಹಿತ ಅನ್ನಿಸುವುದು ಸುಮಾರು 18ರಿಂದ 25 ಡಿಗ್ರಿ. ಅದಕ್ಕಿಂತ ತುಂಬಾ ಏರಿದರೆ ಮೈಯ ಬಿಸಿ ಹೊರಗೆ ಹಾಕಲು ರಕ್ತ ಚರ್ಮದ ಕಡೆಗೆ, ಜುಟ್ಟಿನ ಕಡೆಗೆ ಹೆಚ್ಚು ಹರಿಯುತ್ತದೆ, ಅಷ್ಟು ರಕ್ತ ಕರುಳಿಗೆ ಕಡಿಮೆಯಾಗುತ್ತದೆ. ರಕ್ತ ಇಲ್ಲದಿದ್ದರೆ ಆಮ್ಲಜನಕ ಇಲ್ಲ. ಕರುಳಿನ ಒಳಗೋಡೆಯ ಜೀವಕೋಶಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವ ಬೆಸುಗೆ, ಇಟ್ಟಿಗೆ ನಡುವಿನ ಸಿಮೆಂಟು ಉದುರಿದ ಹಾಗೆ, ಸಡಿಲ ಆಗುತ್ತದೆ. ಆಗ ಕರುಳಿನಲ್ಲೇ ಇರಬೇಕಾದ ಬ್ಯಾಕ್ಟೀರಿಯಾ, ಅವುಗಳ ವಿಷ, ರಕ್ತಕ್ಕೆ ದಾಟುತ್ತವೆ. ಇದಕ್ಕೆ ದಿನಗಟ್ಟಲೆ ಬೇಕಿಲ್ಲ, ಕೆಲವು ಗಂಟೆಗಳ ಜೋರು ಸೆಖೆ ಸಾಕು. ಆಹಾರ ಹೀರುವ ಬೆರಳಿನಂಥ ಎಳೆಗಳೂ ಗಿಡ್ಡವಾಗುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಫೀಡ್ ಸರಿ ಇಲ್ಲ ಅಂತ ಬೈಯುವ ಮೊದಲು ಇದನ್ನೊಮ್ಮೆ ಯೋಚಿಸಬೇಕು.

ಪಕ್ಕದ ತೋಟದ ಅಕ್ಕ ಈ ಬೇಸಿಗೆಯಲ್ಲಿ ಫೋನ್ ಮಾಡಿದ್ರು. "ಅಣ್ಣಾ, ಎಲ್ಲಾ ಕೋಳಿಗೂ ಬೇಧಿ ಹಿಡಿದಿದೆ, ಯಾವ ಔಷಧಿ ಹಾಕ್ಲಿ?" ಹೋಗಿ ನೋಡಿದೆ. ಹಿಕ್ಕೆ ಗಟ್ಟಿಯಾಗೇ ಇತ್ತು, ಮೇಲೆ ಬಿಳಿ ಟೋಪಿಯೂ (ಕೋಳಿಯ ಮೂತ್ರದ ಬಿಳಿ ಭಾಗ) ಇತ್ತು, ಸುತ್ತ ಮಾತ್ರ ನೀರು. ಇದು ಕರುಳಿನ ಬೇಧಿ ಅಲ್ಲ. ಬಾಯಿ ತೆರೆದು ಏದುಸಿರು ಬಿಡುವಾಗ ಕೋಳಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಕಳೆದುಕೊಳ್ಳುತ್ತದೆ, ರಕ್ತ ಕ್ಷಾರವಾಗುತ್ತದೆ, ಅದನ್ನು ಸರಿ ಮಾಡಲು ಮೂತ್ರಪಿಂಡ ಲವಣಗಳನ್ನು ಹೊರಗೆ ಹಾಕುತ್ತದೆ. ಜೊತೆಗೆ ಕುಡಿಯುವ ನೀರೂ ದುಪ್ಪಟ್ಟು. ಅದಕ್ಕೇ ಆ ನೀರು. ಆಗ ಬೇಕಾದದ್ದು ತಣ್ಣನೆ ನೀರು, ಎಲೆಕ್ಟ್ರೋಲೈಟ್ (ನೀರಿಗೆ ಹಾಕುವ ಲವಣಗಳು), ವಿಟಮಿನ್ ಸಿ. ಆಂಟಿಬಯಾಟಿಕ್ ಅಲ್ಲ.

ಹಿಕ್ಕೆ ನೋಡಲು ಕಲಿತರೆ ಅರ್ಧ ಕೆಲಸ ಆಯ್ತು. ಚಾಕೊಲೇಟ್ ಬಣ್ಣದ ಅಂಟಂಟು ಹಿಕ್ಕೆ ಒಂದೆರಡು ಕಂಡರೆ ಹೆದರಬೇಡಿ, ಅದು ಕುರುಡು ಕರುಳಿನಿಂದ (ಕರುಳಿಗೆ ಕವಲಾಗಿರುವ, ಒಂದು ತುದಿ ಮುಚ್ಚಿದ ಚೀಲ) ಬರುವಂಥದ್ದು, ಆರೋಗ್ಯವಾಗಿರುವ ಕೋಳಿಯೂ ಹಾಕುತ್ತದೆ. ಆದರೆ ಹಿಕ್ಕೆಯಲ್ಲಿ ಜೋಳದ ಚೂರು ಹಾಗೇ ಕಂಡರೆ, ಕಿತ್ತಳೆ ಬಣ್ಣದ ಲೋಳೆ ಬಂದರೆ ಕರುಳು ಕೆಟ್ಟಿದೆ. ರಕ್ತ ಕಂಡರೆ ಕಾಕ್ಸಿಡಿಯಾ ಅನ್ನುವ ಕರುಳಿನ ಪರಾವಲಂಬಿ ಜೀವಿ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ.

ಆ ಅಕ್ಕನ ಶೆಡ್‌ನಲ್ಲಿ ನಿಜವಾದ ತೊಂದರೆ ಕಂಡದ್ದು ಮಾಡಿನ ಮೇಲೆ. ನೀರಿನ ಕಪ್ಪು ಪೈಪು ಶೀಟಿನ ಮೇಲೆ ಬಿಸಿಲಲ್ಲೇ ಎಳೆದಿದ್ದರು. ಮಧ್ಯಾಹ್ನ ನಿಪ್ಪಲ್ (ಕೋಳಿ ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ತುದಿ) ಒತ್ತಿದರೆ ಬೆರಳಿಗೆ ಸ್ನಾನದ ನೀರಿನಷ್ಟು ಬಿಸಿ. ಬಿಸಿ ನೀರನ್ನು ಕೋಳಿ ಬೇಕಾದಷ್ಟು ಕುಡಿಯುವುದಿಲ್ಲ. ಪೈಪನ್ನು ಮಾಡಿನ ಕೆಳಗೆ ಎಳೆದು, ಟ್ಯಾಂಕಿಗೆ ಗೋಣಿ ಸುತ್ತಿ ಒದ್ದೆ ಮಾಡಿದೆವು. ಫೀಡನ್ನೂ ಬೆಳಿಗ್ಗೆ ಬೇಗ ಮತ್ತು ಸಂಜೆಗೆ ಬದಲಿಸಿದರು. ತಿಂದದ್ದು ಜೀರ್ಣವಾಗುವಾಗಲೂ ಮೈ ಬಿಸಿಯಾಗುತ್ತದೆ ಅಲ್ವಾ, ಆ ಬಿಸಿ ನಡು ಮಧ್ಯಾಹ್ನಕ್ಕೆ ಸೇರಬಾರದು.

ಇನ್ನು ಮಳೆಗಾಲ. ಇಲ್ಲಿ ನಷ್ಟ ಆಗುವುದು ಮರಿಗಳಲ್ಲಿ. ಮೊದಲ ವಾರ ಮರಿಗೆ 32ರಿಂದ 34 ಡಿಗ್ರಿ ಬೇಕು, ತನ್ನ ಮೈ ಬಿಸಿ ತಾನೇ ಕಾಪಾಡಿಕೊಳ್ಳುವ ಶಕ್ತಿ ಆಗ ಅದಕ್ಕೆ ಇರುವುದಿಲ್ಲ. ಜುಲೈನಲ್ಲಿ ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಹೇಳಲಾಗದು. ಮರಿಗೆ ಬಿಸಿ ಕೊಡುವ ಬ್ರೂಡರಿನ ಬಲ್ಬು ಆರಿತು, ಮರಿಗಳು ಗುಂಪು ಕಟ್ಟಿದವು, ತಿನ್ನಲೂ ಇಲ್ಲ ಕುಡಿಯಲೂ ಇಲ್ಲ. ಕರುಳು ಅತಿ ವೇಗವಾಗಿ ಬೆಳೆಯುವ ವಾರ ಅದು, ಹೊಟ್ಟೆ ಖಾಲಿ ಇದ್ದರೆ ಆ ಬೆಳವಣಿಗೆ ಕುಂಟುತ್ತದೆ, ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೂ ಸರಿಯಾಗಿ ಕರಗುವುದಿಲ್ಲ. ಹಿಂಬದಿಗೆ ಹಿಕ್ಕೆ ಅಂಟಿಕೊಂಡ ಮರಿ ಕಂಡರೆ ಮೊದಲು ಬ್ರೂಡರ್ ಬಿಸಿ ನೋಡಿ. ಮಳೆಗಾಲದಲ್ಲಿ ಮರಿ ತರುವವರು ಗ್ಯಾಸ್ ಬ್ರೂಡರ್ ಇಟ್ಟುಕೊಳ್ಳಲೇಬೇಕು ಅಂತ ನನ್ನ ಅಭಿಪ್ರಾಯ. ಇದ್ದಿಲು ಹಾಕುವುದಾದರೆ ಹೊಗೆ ಹೋಗಲು ದಾರಿ ಬಿಡಿ, ಇಲ್ಲದಿದ್ದರೆ ಮರಿಯ ಜೀವಕ್ಕೇ ಅಪಾಯ.

ಚಳಿ ಅಂತ ಪರದೆ ಪೂರ್ತಿ ಮುಚ್ಚುವುದೂ ಸರಿಯಲ್ಲ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ಅಮೋನಿಯಾ ಕಣ್ಣಿಗೆ ಹೊಡೆಯುತ್ತದೆ, ಬ್ರೂಡರಿನ ಬಿಸಿ ಮತ್ತು ಆ ತೇವ ಸೇರಿದರೆ ಕಾಕ್ಸಿಡಿಯಾದ ಮೊಟ್ಟೆಗಳಿಗೆ ಹಬ್ಬ. ಮೇಲ್ಗಡೆ ಒಂದು ಅಡಿಯಷ್ಟಾದರೂ ಗಾಳಿಗೆ ಬಿಡಿ, ಹೊಟ್ಟು ದಿನಾ ಕೆದಕಿ, ನಿಪ್ಪಲ್ ಕೆಳಗೆ ಗಂಟು ಕಟ್ಟಿದ್ದನ್ನು ತೆಗೆದು ಹೊರಗೆ ಹಾಕಿ.

ಕೋಳಿ ಸತ್ತರೆ ಸುಮ್ನೆ ಹೂಳಬೇಡಿ, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ಕೊಯ್ದು ನೋಡಲು ಹೇಳಿ. ತಡವಾದರೆ ಕರುಳು ಕೊಳೆತು ಏನೂ ಗೊತ್ತಾಗುವುದಿಲ್ಲ.