ಈ ಡ್ರೋನ್ ಯಾರದ್ದು?

2007ರ ಮಾರ್ಚ್‌ನಲ್ಲಿ ಅಮೆರಿಕದ ವಾಯುಪಡೆ ಮುಖ್ಯಸ್ಥ ಮೋಸ್ಲಿ ಒಂದು ಬೇಡಿಕೆ ಇಟ್ಟರು: 3,500 ಅಡಿಗಿಂತ ಮೇಲೆ ಹಾರುವ ಮಿಲಿಟರಿ ಡ್ರೋನ್‌ಗಳ ಉಸ್ತುವಾರಿ ನಮಗೇ ಕೊಡಿ. ಭೂಸೇನೆಗೆ ಮೈ ಉರಿಯಿತು. ಉರಿಯದೇ ಇರುತ್ತಾ? ವಾಯುಪಡೆಗೆ ಪ್ರಿಡೇಟರ್ ಡ್ರೋನ್ ಕೊಟ್ಟ ಜನರಲ್ ಅಟಾಮಿಕ್ಸ್ ಕಂಪನಿಯಿಂದಲೇ ಭೂಸೇನೆಯವರೂ ಸ್ಕೈ ವಾರಿಯರ್ ಅನ್ನೋ ಡ್ರೋನ್ ಮಾಡಿಸಿಕೊಳ್ಳುತ್ತಿದ್ದರು.

ನನಗೆ ಮಜಾ ಅನಿಸಿದ್ದು ಹಾರಿಸುವ ರೀತಿ. ವಾಯುಪಡೆಯಲ್ಲಿ ಪೈಲಟ್ ತರಬೇತಿ ಪಡೆದ ಆಫೀಸರ್ ನೆವಾಡಾದಲ್ಲಿ ಕುರ್ಚಿ ಮೇಲೆ ಕೂತು ಇರಾಕ್ ಆಕಾಶದಲ್ಲಿ ಹಾರಿಸುತ್ತಿದ್ದರೆ, ಭೂಸೇನೆಯಲ್ಲಿ ಆಫೀಸರ್ ಅಲ್ಲದ ಸೈನಿಕರು ಯುದ್ಧದ ಜಾಗದಲ್ಲೇ ಇದ್ದು ಆ ಕೆಲಸ ಮಾಡುತ್ತಿದ್ದರು. ಸ್ಕೈ ವಾರಿಯರ್ ಅಂತೂ ತಾನೇ ಇಳಿಯುವಂಥದ್ದು! ಮುಂದಿನ ಗುಡ್ಡದಾಚೆ ಏನಿದೆ ಅಂತ ನೋಡೋಕೂ ಕಮಾಂಡರ್ ಬೇರೆಯವರ ಬಾಗಿಲಲ್ಲಿ ಕಾಯಬೇಕಾ ಅನ್ನೋದು ಭೂಸೇನೆಯವರ ತಕರಾರು. ನ್ಯಾಯವೇ ಅಲ್ವಾ? ಆದರೆ ಒಂದೇ ಆಕಾಶ, ಎರಡೆರಡು ಖರ್ಚು ಅನ್ನುವ ವಾಯುಪಡೆಯ ಮಾತೂ ಸುಮ್ನೆ ಅಲ್ಲ.

ಸೆಪ್ಟೆಂಬರ್‌ನಲ್ಲಿ ರಕ್ಷಣಾ ಉಪಕಾರ್ಯದರ್ಶಿ ಗಾರ್ಡನ್ ಇಂಗ್ಲೆಂಡ್ ಬೇಡಿಕೆಯನ್ನು ತಳ್ಳಿಹಾಕಿದರು. ಸ್ಕೈ ವಾರಿಯರ್ ಭೂಸೇನೆಯಲ್ಲೇ ಉಳಿಯಿತು, ಆಮೇಲೆ ಗ್ರೇ ಈಗಲ್ ಅಂತ ಹೆಸರಾಯಿತು.