ಪಿಕಪ್ಪಿನ ಹಿಂದೆ ಕಟ್ಟಿ ತಂದ ಗೊಬ್ಬರದ ಗಾಡಿ

ಅಣ್ಣಿಗೇರಿ ಸೀಮೆಯ ಎರೆಹೊಲಗಳಲ್ಲಿ ಮಳೆ ಬಿದ್ದ ಮರುದಿನ ಯಾವ ಗಾಡಿಯ ಆಟವೂ ನಡೆಯುವುದಿಲ್ಲ. ಹೊಲಕ್ಕೆ ಕಾಲಿಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ. ಅದೇ ಮಣ್ಣು ಟೈರಿನ ಹಲ್ಲುಗಳ ಸಂದಿಯಲ್ಲಿ ತುಂಬಿಕೊಂಡರೆ ಚಕ್ರ ನುಣ್ಣಗಾಗಿ ನಿಂತಲ್ಲೇ ತಿರುಗತೊಡಗುತ್ತದೆ. ಅದರಲ್ಲೂ ಖಾಲಿ ಪಿಕಪ್ಪಿನ ಪಾಡು ಹೆಚ್ಚು ಕಷ್ಟದ್ದು. ಎಂಜಿನ್ನಿನ ಭಾರವೆಲ್ಲ ಮುಂದಿನ ಚಕ್ರಗಳ ಮೇಲೆ, ತಿರುಗಿಸುವ ಬಲ ಮಾತ್ರ ಹಿಂದಿನ ಚಕ್ರಗಳಿಗೆ. ಹಿಂದೆ ಭಾರವಿಲ್ಲದಿದ್ದರೆ ಹಿಡಿತವೂ ಇಲ್ಲ.

ಆ ಸಲ ಚಿತ್ತಿ ಮಳೆ ರಾತ್ರಿಯಿಡೀ ಸುರಿದಿತ್ತು. ಉಳ್ಳಾಗಡ್ಡಿ ಅದಕ್ಕೂ ಮೊದಲೇ ಕಿತ್ತು, ಒಣಗಿಸಿ, ಚೀಲ ತುಂಬಿ ಹೊಲದ ದಡದ ತಗಡಿನ ಶೆಡ್ಡಿನಲ್ಲಿ ಇಟ್ಟಾಗಿತ್ತು. ಇನ್ನೊಂದು ಮಳೆ ಬಿದ್ದು ತೇವ ಹಿಡಿದರೆ ಕೊಳೆಯುವುದು ಖಚಿತ. ಗಾಡಿಯನ್ನು ನಾನು ಗರಸು ರಸ್ತೆಯ ಮೇಲೆಯೇ ನಿಲ್ಲಿಸಿದೆ. ಶೆಡ್ಡಿನಿಂದ ಅಲ್ಲಿಯವರೆಗೆ ಚೀಲಗಳನ್ನು ತಂದದ್ದು ಪಕ್ಕದ ಹೊಲದವರ ಚಕ್ಕಡಿ. ಎತ್ತುಗಳು ಮೊಣಕಾಲುದ್ದದ ರಾಡಿಯಲ್ಲೂ ಹೆಜ್ಜೆ ಹುಡುಕಿ ಇಟ್ಟು ನಡೆದವು. ಎತ್ತಿನ ಜೋಡಿ ಸಾಕುವ ಮನೆಗಳು ಊರಿನಲ್ಲಿ ಕಡಿಮೆಯಾಗುತ್ತಿರುವುದು ಇಂಥ ಬೆಳಗುಗಳಲ್ಲಿ ನನ್ನನ್ನು ಬಹಳ ನೋಯಿಸುತ್ತದೆ.

ನಮ್ಮದು ಎರಡು ಸಾಲು ಸೀಟಿನ ಪಿಕಪ್. ಒಳಗೆ ಐದು ಮಂದಿ, ಹಿಂದೆ ಒಂದು ಟನ್ ಸರಕು. ಮನೆಯಲ್ಲಿ ಬೇರೆ ಕಾರಿಲ್ಲ. ಅವ್ವನನ್ನು ಗದಗಿನ ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ಬೀಜ ತರುವುದು, ಹೊಟ್ಟು ಮೇವು ಸಾಗಿಸುವುದು ಎಲ್ಲವೂ ಇದರಲ್ಲೇ. ಟನ್ನಿನ ಭಾರ ಹೊರಲೆಂದೇ ಹಿಂದೆ ದಪ್ಪ ಕಮಾನು ಪಟ್ಟಿಗಳನ್ನು ಹಾಕಿರುತ್ತಾರೆ. ಖಾಲಿ ಇದ್ದಾಗ ಅವು ಬಾಗುವುದಿಲ್ಲ, ರಸ್ತೆಯ ಪ್ರತಿ ಉಬ್ಬನ್ನೂ ನೇರವಾಗಿ ಸೀಟಿಗೆ ಮುಟ್ಟಿಸುತ್ತವೆ. ಅವ್ವ ಸೊಂಟ ಹಿಡಿದುಕೊಂಡು "ನಿಧಾನ ನಡೆಸಪ್ಪ" ಎನ್ನುತ್ತಾಳೆ. ಅವಳನ್ನು ಕರೆದೊಯ್ಯುವ ದಿನ ಹಿಂದಿನ ಅಚ್ಚಿನ ಮೇಲೆ ಬರುವಂತೆ ಮರಳಿನ ಚೀಲಗಳನ್ನು ಇಟ್ಟು ಕಟ್ಟುತ್ತೇನೆ. ಕುಲುಕಾಟ ಎಷ್ಟೋ ಕಡಿಮೆಯಾಗುತ್ತದೆ. ಹೊಸದಾಗಿ ಪಿಕಪ್ ಕೊಂಡವರಿಗೆ ಇದೊಂದನ್ನು ನಾನು ತಪ್ಪದೆ ಹೇಳುತ್ತೇನೆ.

ಹುಬ್ಬಳ್ಳಿಯ ದಾರಿಯಲ್ಲಿ ವಿಶೇಷವೇನೂ ಇರಲಿಲ್ಲ. ನಲವಡಿ, ಶಿರಗುಪ್ಪಿ ದಾಟಿ, ಊರೊಳಗೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆಂದೇ ಇರುವ ಲೇನಿನ ಪಕ್ಕದಲ್ಲೇ ಸಾಗಿ ಅಮರಗೋಳದ ಎಪಿಎಂಸಿ ಮಾರುಕಟ್ಟೆ ಮುಟ್ಟಿದೆ. ಪಿಕಪ್ಪುಗಳಾದ ಬೊಲೆರೊ, ಯೋಧ, ದೋಸ್ತ್‌ಗಳ ಸಾಲು ಗೇಟಿನ ಆಚೆಗೂ ನಿಂತಿತ್ತು. ಹಮಾಲರು ಚೀಲ ಇಳಿಸಿದರು, ಹರಾಜು ಆಯಿತು. ದರ ಹಿಂದಿನ ವಾರಕ್ಕಿಂತ ಇಳಿದಿತ್ತು. ಲೆಕ್ಕ ಚುಕ್ತಾ ಮಾಡಿಕೊಂಡು ಹೊರಡುವಾಗ ಸಂಜೆ.

ನಲವಡಿಯ ಈಚೆಗೆ ರಸ್ತೆಯ ಬದಿಯಲ್ಲಿ ನಮ್ಮೂರಿನ ಕಾಕಾ ಕೈ ಮಾಡಿದರು. ಹಿಂದೆ ಅವರ ಪಿಕಪ್ ನಿಂತಿತ್ತು. ತುಂಬ ಡಿಎಪಿ ಗೊಬ್ಬರ, ಐವತ್ತು ಕೆಜಿಯ ಮೂವತ್ತು ಚೀಲ. ಡೀಸೆಲ್ ಪಂಪು ಕೈಕೊಟ್ಟು ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಮರುದಿನ ಕಡಲೆ ಬಿತ್ತಲು ಆಳು, ಕೂರಿಗೆ ಎಲ್ಲ ಗೊತ್ತುಮಾಡಿ ಆಗಿತ್ತು. ಹೊಲದ ಹಸಿ ಆರುವ ಮೊದಲು ಬೀಜ ಮಣ್ಣು ಸೇರಬೇಕು, ಬಿತ್ತುವಾಗಲೇ ಗೊಬ್ಬರವೂ ಬೀಳಬೇಕು. ಅವರ ಮುಖದಲ್ಲಿದ್ದ ಆತಂಕ ನನಗೆ ಕೂಡಲೇ ಅರ್ಥವಾಯಿತು.

"ನಿನ್ನ ಗಾಡಿಗೆ ಶಕ್ತಿ ಇದೆ ತಮ್ಮಾ, ಕಟ್ಟಿ ಎಳೆದುಬಿಡು" ಎಂದರು.

"ಎಳೆಯುತ್ತೇನೆ ಕಾಕಾ. ಆದರೆ ನಿಲ್ಲಿಸುವುದು ಹೇಗೆ ಅನ್ನುವುದನ್ನು ಮೊದಲು ನೋಡೋಣ" ಎಂದೆ.

ಅಕ್ಕನ ಮಗ ಮೊಬೈಲಿನಲ್ಲಿ ಅಮೆರಿಕದ ಪಿಕಪ್ಪುಗಳ ವಿಡಿಯೊ ತೋರಿಸುತ್ತಿರುತ್ತಾನೆ. ಫೋರ್ಡ್ ಎಫ್-250, ರಾಮ್ 2500, ಅವುಗಳಲ್ಲಿ 6.7 ಲೀಟರ್ ಡೀಸೆಲ್ ಎಂಜಿನ್ ಸಿಗುತ್ತದೆ. ನಮ್ಮ ಕಡೆಯ ಎರಡೂವರೆ ಲೀಟರ್ ಎಂಜಿನ್ನುಗಳ ಮುಂದೆ ಅದು ಬಹಳ ದೊಡ್ಡದು. ಅವನ ಕಣ್ಣು ಎಂಜಿನ್ನಿನ ಮೇಲಿದ್ದರೆ ನನ್ನ ಕಣ್ಣು ಬೇರೆಡೆ. ಅಲ್ಲಿ ಭಾರದ ಟ್ರೇಲರಿನ ಚಕ್ರಗಳಿಗೇ ಬ್ರೇಕ್ ಇರುತ್ತದೆ, ಅದನ್ನು ಹಿಡಿಯುವ ಸಾಧನ ಮುಂದಿನ ಚಾಲಕನ ಕೈಯಳತೆಯಲ್ಲಿರುತ್ತದೆ. ನಮ್ಮಲ್ಲಿ ಕಬ್ಬಿನ ಟ್ರೇಲರುಗಳು ಎರಡೆರಡು ಜೋಡಿಸಿಕೊಂಡು ಬ್ರೇಕಿಲ್ಲದೆ ಹೆದ್ದಾರಿಯಲ್ಲಿ ಓಡುವುದನ್ನು ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಎಳೆಯುವ ಗಾಡಿಯ ತಾಕತ್ತನ್ನು ಏರಿನಲ್ಲಿ ಅಳೆಯುವವರೇ ಹೆಚ್ಚು. ಇಳಿಜಾರಿನಲ್ಲಿ ಅಳೆಯಬೇಕು ಎಂಬುದು ನನ್ನ ಗಟ್ಟಿಯಾದ ನಂಬಿಕೆ.

ಆ ಸಂಜೆಯ ಲೆಕ್ಕ ಹೀಗಿತ್ತು: ಮುಂದೆ ಖಾಲಿಯಾದ ನನ್ನ ಗಾಡಿ, ಹಿಂದೆ ಒಂದೂವರೆ ಟನ್ ಹೇರಿದ ಅವರ ಗಾಡಿ. ಹಾಗೆಯೇ ಕಟ್ಟಿ ಹೊರಟರೆ ನಾನು ಬ್ರೇಕ್ ಒತ್ತಿದಾಗ ಹಿಂದಿನ ಭಾರ ನನ್ನನ್ನು ಮುಂದಕ್ಕೆ ನೂಕುತ್ತದೆ. ಖಾಲಿ ಗಾಡಿಯ ಹಿಂದಿನ ಚಕ್ರಗಳು ಒದ್ದೆ ರಸ್ತೆಯಲ್ಲಿ ಜಾರಿ ಅಡ್ಡ ತಿರುಗಲೂಬಹುದು. ಅದಕ್ಕೇ ಹದಿನೈದು ಚೀಲಗಳನ್ನು ನನ್ನ ಗಾಡಿಗೆ ದಾಟಿಸಿದೆವು, ಅಚ್ಚಿನಿಂದ ತುಸು ಮುಂದಕ್ಕೆ ಬರುವಂತೆ. ಭಾರ ಸಮನಾಯಿತು, ನನ್ನ ಚಕ್ರಗಳಿಗೆ ಹಿಡಿತವೂ ಬಂತು. ದಾರಿಹೋಕ ಹುಡುಗರಿಬ್ಬರು ಬೈಕು ನಿಲ್ಲಿಸಿ ಚೀಲಕ್ಕೆ ಹೆಗಲು ಕೊಟ್ಟರು, ಹೆಸರನ್ನೂ ಹೇಳದೆ ಹೋದರು.

ಕಾಕಾ ಹಗ್ಗ ತೆಗೆದಿದ್ದರು. ನಾನು ಒಪ್ಪಲಿಲ್ಲ. ಹಗ್ಗ ಎಳೆಯುತ್ತದೆಯೇ ಹೊರತು ತಡೆಯುವುದಿಲ್ಲ. ಮುಂದಿನವನು ನಿಧಾನಿಸಿದರೆ ಸಡಿಲಾಗಿ ಹಿಂದಿನ ಗಾಡಿ ಬಂದು ಗುದ್ದುತ್ತದೆ, ಮತ್ತೆ ಜಗ್ಗಿದಾಗ ಕಡಿಯುತ್ತದೆ. ನಲವಡಿಯ ಪರಿಚಯದ ಗ್ಯಾರೇಜಿನವರು ಎರಡು ತುದಿಗೂ ಕೊಂಡಿಯಿದ್ದ ಕಬ್ಬಿಣದ ರಾಡು ಕೊಟ್ಟು ಕಳಿಸಿದರು. ಎರಡು ಗಾಡಿಗಳ ನಡುವೆ ಐದು ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಹಿಂದಿನ ಗಾಡಿಯ ಸ್ಟೀರಿಂಗ್ ಹಿಡಿದವರಿಗೆ ಲೈಸೆನ್ಸ್ ಇರಬೇಕು ಎಂಬುದು ಕಾಯ್ದೆ. ಕಾಕಾನ ಮಗನನ್ನು ಕೂರಿಸಿ ಒಂದು ಮಾತನ್ನು ಎರಡೆರಡು ಸಲ ಹೇಳಿದೆ: ಎಂಜಿನ್ ನಿಂತಿರುವುದರಿಂದ ಬ್ರೇಕ್ ಒತ್ತುವುದನ್ನು ಹಗುರ ಮಾಡುವ ವ್ಯಾಕ್ಯೂಮಿನ ನೆರವು ಸಿಗುವುದಿಲ್ಲ, ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಹೆದರಿ ಕಾಲು ತೆಗೆಯಬೇಡ, ಮೈಭಾರ ಹಾಕಿ ಒತ್ತು. ಸ್ಟೀರಿಂಗೂ ಬಿಗಿಯಾಗಿರುತ್ತದೆ. ಕೀಲಿಯನ್ನು ಮಾತ್ರ ಆನ್‌ನಲ್ಲೇ ಇಡು, ಇಲ್ಲವಾದರೆ ಸ್ಟೀರಿಂಗ್ ಲಾಕ್ ಆಗುತ್ತದೆ.

ಮೊದಲ ಗೇರಿನಲ್ಲಿ ಕ್ಲಚ್ಚನ್ನು ಹಗುರವಾಗಿ ಬಿಟ್ಟೆ. ರಾಡು ಕಿರ್ರೆಂದಿತು, ಗಾಡಿ ಕದಲಿತು. ಎರಡನೇ ಗೇರು, ಆಮೇಲೆ ಮೂರು, ಅದರಾಚೆಗೆ ಹೋಗಲಿಲ್ಲ. ನಾಲ್ಕೂ ದೀಪ ಮಿಣುಕಿಸಿಕೊಂಡು ರಸ್ತೆಯ ಎಡಕ್ಕೆ ಅಂಟಿ ನಡೆದೆವು. ಹಳ್ಳದ ಸೇತುವೆಗೆ ಇಳಿಯುವಲ್ಲಿ ಬ್ರೇಕ್ ಮುಟ್ಟುವ ಮೊದಲೇ ಎರಡಕ್ಕೆ ತಂದು ಎಂಜಿನ್ನಿನಿಂದಲೇ ತಡೆದೆ. ಆದರೂ ಹಿಂದಿನಿಂದ ಒಂದು ತಳ್ಳು ಬೆನ್ನಿಗೆ ತಿಳಿಯಿತು. ಒಂದೇ ಹಾರ್ನ್ ಹೊಡೆದೆ, ಅದು ನಮ್ಮ ಗುರುತು. ಹುಡುಗ ಬ್ರೇಕ್ ಒತ್ತಿದ, ತಳ್ಳು ಕಡಿಮೆಯಾಯಿತು. ಕನ್ನಡಿಯಲ್ಲಿ ಅವನ ಮುಖ ಕಾಣುತ್ತಿರಲಿಲ್ಲ, ಆದರೆ ಅವನ ಕಾಲು ಪೆಡಲಿನ ಮೇಲಿದೆ ಎಂಬ ಭರವಸೆ ಬಂತು. ಹಿಂದಿನಿಂದ ಬಂದ ಲಾರಿಗಳು ಹಾರ್ನ್ ಹೊಡೆಯುತ್ತ ದಾಟಿ ಹೋದವು. ಹೋಗಲಿ ಬಿಡಿ, ನಮಗೆ ಅವಸರವಿರಲಿಲ್ಲ.

ಅಣ್ಣಿಗೇರಿ ಮುಟ್ಟಿ ಕೆಟ್ಟ ಗಾಡಿಯನ್ನು ಗ್ಯಾರೇಜಿನ ಮುಂದೆ ಬಿಟ್ಟೆವು. ನನ್ನ ಗಾಡಿಯಲ್ಲಿದ್ದ ಹದಿನೈದು ಚೀಲಗಳನ್ನು ರಾತ್ರಿಯೇ ಕಾಕಾನ ಮನೆಗೆ ಇಳಿಸಿ, ಉಳಿದವನ್ನು ಮರುದಿನ ನಸುಕಿನಲ್ಲಿ ತಂದು ಹಾಕಿದೆ. ಬಿಸಿಲೇರುವ ಹೊತ್ತಿಗೆ ಅವರ ಹೊಲದಲ್ಲಿ ಕೂರಿಗೆ ನಡೆದಿತ್ತು. ಕಾಕಾ ಡೀಸೆಲ್ಲಿಗೆಂದು ಹಣ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಹುಬ್ಬಳ್ಳಿಯಿಂದ ನನ್ನದೇ ಒಂದು ರಾಡು ತಂದೆ. ಅದು ಹಿಂದಿನ ಸೀಟಿನ ಕೆಳಗಿದೆ. ಊರಿನಲ್ಲಿ ಯಾರಿಗೆ ಬೇಕಾದರೂ ಕೇಳಿ ಒಯ್ಯಬಹುದು.